ತೂಬಿನ ಕೀಲಿ

ನಮ್ಮ ಕಚೇರಿಯಲ್ಲಿ ಸಂಜೆ ಐದೂವರೆಯಾದರೆ ನೆಟ್ ಹೋಗುತ್ತಿತ್ತು. ಮಳೆಗಾಲವಿರಲಿ, ಬೇಸಿಗೆಯಿರಲಿ, ಐದೂವರೆಗೆ ಸರಿಯಾಗಿ ಹೋಗುತ್ತಿತ್ತು. ಗಡಿಯಾರ ನೋಡಿಕೊಂಡು ಹೋಗುವ ನೆಟ್ಟನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಮೊದಲು ಕಂಪನಿಯವರನ್ನು ಬೈದೆವು. ಆಮೇಲೆ ನಮ್ಮ ಹಳೆಯ ಕಂಪ್ಯೂಟರನ್ನು ಬೈದೆವು. ಕೊನೆಗೆ, ಹೆಂಗಸರ ಅಭ್ಯಾಸದಂತೆ, ನಮ್ಮನ್ನೇ ಬೈದುಕೊಂಡೆವು. ಒತ್ತಬಾರದ್ದನ್ನು ಏನೋ ಒತ್ತಿರಬೇಕು ಎಂದು. ಒಂದು ಸಂಜೆ ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಗಿ ನೋಡಿದೆ. ಬಾಗಿಲಿಗೆ ಬೀಗ. ಕಿಟಕಿಯ ಗಾಜಿನಲ್ಲಿ ಇಣುಕಿದರೆ ಗೋಡೆಯ ಮೇಲಿನ ರೌಟರಿನ ಹಸಿರು ದೀಪ ಒಂದೂ ಉರಿಯುತ್ತಿರಲಿಲ್ಲ. ಮೇಲಿನ ಕಚೇರಿಯ ಯಜಮಾನರು ಮನೆಗೆ ಹೊರಡುವಾಗ ಫ್ಯಾನು, ಲೈಟು ಆರಿಸಿದ ಹಾಗೆ ಅದನ್ನೂ ಆರಿಸಿ ಹೋಗಿದ್ದರು. ಅವರಿಗೆ ಆ ದಿನದ ಕೆಲಸ ಮುಗಿದಿತ್ತು, ಆದ್ದರಿಂದ ನಮಗೂ ಮುಗಿಯಬೇಕಾಗಿತ್ತು!

ವಿಷಯ ಇಷ್ಟು. ಮಂಡ್ಯದ ಒಂದು ಹಳೆಯ ಕಟ್ಟಡದ ಕೆಳಗಿನ ಎರಡು ಕೋಣೆಗಳಲ್ಲಿ ನಮ್ಮ ಸಂಘವಿದೆ. ಚಟ್ನಿಪುಡಿ, ಸಾಂಬಾರುಪುಡಿ, ರಾಗಿ ಹುರಿಹಿಟ್ಟು ಮಾಡಿ ಮಾರುವ ಹೆಣ್ಣುಮಕ್ಕಳ ಸಂಘ. ಅದರ ಲೆಕ್ಕ ಬರೆಯುವವಳು ನಾನು. ಮಹಡಿಯ ಮೇಲೆ ಗಂಡಸರೇ ನಡೆಸುವ ಇನ್ನೊಂದು ಕಚೇರಿ. ಎರಡಕ್ಕೂ ಸೇರಿ ಒಂದೇ ನೆಟ್ ಸಂಪರ್ಕ. ಸಂಪರ್ಕ ಅವರ ಹೆಸರಿನಲ್ಲಿ, ಬಿಲ್ಲಿನಲ್ಲಿ ಅರ್ಧ ನಮ್ಮದು. ಅವರ ರೌಟರಿನಿಂದ ಒಂದು ನೀಲಿ ಕೇಬಲ್ ಕಿಟಕಿಯ ಸಂದಿಯಿಂದ ಇಳಿದು, ಮಳೆನೀರಿನ ಕೊಳವೆಯ ಪಕ್ಕದಲ್ಲೇ ಬಂದು, ನಮ್ಮ ಗೋಡೆಯ ರೌಟರಿಗೆ ಸೇರುತ್ತಿತ್ತು. ಎರಡು ಸಣ್ಣ ಕಚೇರಿಗಳಿಗೆ ಎರಡು ಸಂಪರ್ಕ ಯಾಕೆ, ದುಂದು, ಅಲ್ಲವೇ? ಹಾಗೆಂದೇ ನಾವೂ ಒಪ್ಪಿದ್ದೆವು. ಒಂದು ಬಾವಿಯ ನೀರನ್ನು ಎರಡು ಮನೆಯವರು ಸೇದುವುದು ನಮಗೇನು ಹೊಸದೇ?

ಹೊಸದಾಗಿದ್ದದ್ದು ಇಪ್ಪತ್ತನೆಯ ತಾರೀಖಿನ ಸಂಕಟ. ಹಿಂದಿನ ತಿಂಗಳ ಜಿಎಸ್‌ಟಿ ಲೆಕ್ಕವನ್ನು ಮರುತಿಂಗಳ 20ರೊಳಗೆ ಸಲ್ಲಿಸಬೇಕು. ಕೊನೆಯ ದಿನ ಇಡೀ ದೇಶವೇ ಆ ಬಾಗಿಲಲ್ಲಿ ನೂಕಾಡುವುದರಿಂದ ಪುಟ ತೆರೆಯಲು ಹೊತ್ತಾಗುತ್ತದೆ. ನಾನು ಮಧ್ಯಾಹ್ನದಿಂದ ಕಾದು ಕಾದು, ಐದೂಕಾಲಿಗೆ ಅಂಕಿಗಳನ್ನೆಲ್ಲ ತುಂಬಿ, ಇನ್ನೇನು ಫೋನಿಗೆ ಬರುವ ಆರಂಕಿಯ ಗುಟ್ಟು ಸಂಖ್ಯೆ ಒತ್ತಬೇಕು ಎನ್ನುವಷ್ಟರಲ್ಲಿ ಐದೂವರೆ! ಅಂದು ಆ ಗುಟ್ಟು ಸಂಖ್ಯೆ ಒತ್ತಲಾಗಲಿಲ್ಲ. ಮರುದಿನ ಸರ್ಕಾರಿ ರಜೆ, ಮೇಲಿನ ಬಾಗಿಲು ತೆರೆಯಲೇ ಇಲ್ಲ. ದಿನಕ್ಕೆ 50 ರೂಪಾಯಿಯಂತೆ ತಡಶುಲ್ಕ ಕಟ್ಟಿದೆವು. ದೊಡ್ಡ ಮೊತ್ತವೇನಲ್ಲ. ಆದರೆ ಒಲೆಯ ಮುಂದೆ ನಿಂತು ಮೆಣಸಿನಕಾಯಿ ಹುರಿದು ಕೆಮ್ಮಿದವರ ದುಡ್ಡು ಅದು. ಸಭೆಯಲ್ಲಿ ಎದ್ದುನಿಂತು, "ಯಾಕೆ ತಡವಾಯಿತು?" ಎಂಬ ಪ್ರಶ್ನೆಗೆ, "ಮೇಲಿನವರು ಮನೆಗೆ ಹೋದರು" ಎಂದು ಉತ್ತರ ಕೊಡುವ ನಾಚಿಕೆ ನನ್ನದಾಯಿತು.

ಯಜಮಾನರನ್ನು ಕೇಳಿದೆ. ಅವರು ಕೆಟ್ಟವರಲ್ಲ, ದನಿ ಎತ್ತುವವರೂ ಅಲ್ಲ. ನಗುತ್ತಲೇ, "ಕರೆಂಟ್ ಬಿಲ್ ಉಳೀಬೇಕಲ್ಲ ತಾಯಿ. ನಿಮಗೂ ಅಷ್ಟೊತ್ತಿನಲ್ಲಿ ಮನೆ ಮಠ ಇರಲ್ವಾ? ಏನೋ ಹೆಣ್ಣುಮಕ್ಕಳು, ಉಪಕಾರ ಆಗ್ಲಿ ಅಂತ ಲೈನ್ ಕೊಟ್ಟಿದ್ದೀವಿ" ಎಂದರು.

ಉಪಕಾರ! ತಿಂಗಳು ತಿಂಗಳು ಅರ್ಧ ಬಿಲ್ಲು ಎಣಿಸಿ ಕೊಟ್ಟವರಿಗೆ ಆದದ್ದು ಉಪಕಾರವಂತೆ. ಮೆಟ್ಟಿಲಿಳಿಯುತ್ತ ಆ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಯಾಕೆಂದರೆ ಅದನ್ನು ನಾನು ಚಿಕ್ಕಂದಿನಲ್ಲೇ ಕೇಳಿದ್ದೆ, ಗದ್ದೆಯ ಬದುವಿನಲ್ಲಿ.

ನಾನು ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನಲ್ಲಿ, ನನ್ನನ್ನು ಕೊಟ್ಟದ್ದು ಮದ್ದೂರಿಗೆ, ದುಡಿಯಲು ಬರುವುದು ಮಂಡ್ಯಕ್ಕೆ. ಮೂರು ಊರುಗಳನ್ನೂ ವಿಶ್ವೇಶ್ವರಯ್ಯ ನಾಲೆಯ ಕಥೆ ಕಟ್ಟಿಹಾಕಿದೆ. ಹಿಂದೆ ಅದಕ್ಕೆ ಇರ್ವಿನ್ ನಾಲೆ ಎನ್ನುತ್ತಿದ್ದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ ಎರಡು ದಶಕ ಹಿಡಿಯಿತು. ನಾಲೆ ಬಂತು, ನಾಲೆಯ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯ ಒಂದು ಜಿಲ್ಲೆಯೇ ಆಯಿತು. ಇದೆಲ್ಲ ಶಾಲೆಯ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ ಮಾತೊಂದಿದೆ. ಅದು 'ಕೊನೆ ಭಾಗ'. ನಾಲೆಯ ಬಾಲದಲ್ಲಿ ಜಮೀನಿರುವವರ ಹೆಸರು ಅದು. ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತರಿಗೆ ನೀರಿಲ್ಲ ಎಂಬ ಸುದ್ದಿ ಪತ್ರಿಕೆಯಲ್ಲಿ ಬಾರದ ವರ್ಷ ಅಪರೂಪ. ಕಟ್ಟು ಪದ್ಧತಿಯೆಂದು ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಎಂದು ಲೆಕ್ಕ ಹಾಕುತ್ತಾರೆ. ಲೆಕ್ಕ ಕಾಗದದಲ್ಲಿ ಸರಿಯಾಗಿಯೇ ಇರುತ್ತದೆ. ಮೇಲಿನವರ ಗದ್ದೆಯಲ್ಲಿ ನೀರು ನಿಂತು ಕಪ್ಪೆ ಕೂಗುವಾಗ ನಮ್ಮ ಗದ್ದೆಯಲ್ಲಿ ಕಾಲಿಟ್ಟರೆ ಬಿರುಕಿಗೆ ಬೆರಳು ಸಿಕ್ಕಿಕೊಳ್ಳುತ್ತಿತ್ತು.

ನನ್ನಪ್ಪ ರಾತ್ರಿಯೆಲ್ಲ ಲಾಟೀನು ಹಿಡಿದು ತೂಬಿನ ಹತ್ತಿರ ಕಾಯುತ್ತಿದ್ದ. ನಾನೊಮ್ಮೆ ಬುತ್ತಿ ಕೊಂಡು ಹೋದವಳು, "ನಾಲೇಲಿ ನೀರು ಹರೀತಾ ಐತಲ್ಲಪ್ಪ, ಮತ್ಯಾಕೆ ಕಾಯ್ತಾ ಕೂತಿದ್ದೀಯೆ?" ಎಂದೆ. ಅಪ್ಪ, "ಹರೀತಾ ಐತೆ ಅಂದ್ರೆ ನಮ್ಗೆ ಬತ್ತದೆ ಅಂತಲ್ಲ ಕಣವ್ವ. ಮ್ಯಾಲ್ನೋನು ಬುಟ್ರೆ ಬತ್ತದೆ" ಎಂದ. ಮೇಲಿನ ಜಮೀನಿನವರು ಬೆಳಗಿನ ಜಾವ ತೂಬು ಬಿಡುವಾಗ ಹೇಳುತ್ತಿದ್ದುದೂ ಇದೇ: ಉಪಕಾರ ಮಾಡ್ತಾ ಇದ್ದೀವಿ, ನೆನಪಿರಲಿ. ಕಂದಾಯ ಕಟ್ಟುವಾಗ ಮಾತ್ರ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು.

ನಮ್ಮ ಮಳವಳ್ಳಿಯದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. ಶಿವನಸಮುದ್ರದ ವಿದ್ಯುತ್ ಕೇಂದ್ರ ನಮ್ಮ ತಾಲ್ಲೂಕಿನಲ್ಲೇ ಇದೆ. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ನೀರು ನಮ್ಮದು, ಬಂಡೆ ನಮ್ಮದು, ತಂತಿ ಹಾದದ್ದು ನಮ್ಮ ತಲೆಯ ಮೇಲೆ. ನಮ್ಮಜ್ಜಿ ಮಾತ್ರ ಬುಡ್ಡಿ ದೀಪದಲ್ಲೇ ಮುದುಕಿಯಾದಳು. ಚಿನ್ನದ ಗಣಿಗೆ ಕರೆಂಟು ಬೇಡವಿತ್ತು ಎಂದು ನಾನು ಹೇಳುತ್ತಿಲ್ಲ. ತಂತಿ ನಮ್ಮ ಊರಿನ ಮೇಲೆ ಹಾದುಹೋಗುವುದು ಒಂದು, ನಮ್ಮ ಮನೆಗೆ ಇಳಿಯುವುದು ಇನ್ನೊಂದು. ಇಷ್ಟು ತಿಳಿಯದವರು 'ಎಲ್ಲರಿಗೂ ಸಂಪರ್ಕ ಬಂದಿದೆ' ಎಂದು ಭಾಷಣ ಮಾಡಬಾರದು.

ಇನ್ನು ನನ್ನ ತಕರಾರನ್ನು ನೇರವಾಗಿ ಹೇಳಿಬಿಡುತ್ತೇನೆ. ಒಂದು ಸಂಪರ್ಕವನ್ನು ಇಬ್ಬರು ಹಂಚಿಕೊಳ್ಳುವುದು ಒಳ್ಳೆಯದೇ. ಆದರೆ ದುಡ್ಡಿನಲ್ಲಿ ಸಮಪಾಲು ಕೊಟ್ಟವರಿಗೆ ಕೀಲಿಯಲ್ಲೂ ಸಮಪಾಲು ಇರಬೇಕು. ಪಾಸ್‌ವರ್ಡ್ ಒಬ್ಬರ ಕೈಯಲ್ಲಿ, ಸ್ವಿಚ್ ಅವರ ಕೈಯಲ್ಲೇ, ಬಿಲ್ಲೂ ಅವರ ಹೆಸರಿನಲ್ಲೇ ಇದ್ದರೆ ಅದನ್ನು ಹಂಚಿಕೆ ಎನ್ನಲಾಗದು. ಅದು ಎಂಜಲು. ಇಂಥ ಎಂಜಲನ್ನು ಉಪಕಾರವೆಂದು ಕಣ್ಣಿಗೊತ್ತಿಕೊಳ್ಳುವವರು ಹೆಚ್ಚಾಗಿ ನಾವು ಹೆಂಗಸರೇ.

ನಮ್ಮ ವಯಸ್ಸಿನವರಿಗೆ ನೆನಪಿರಬೇಕು. ಮನೆಗೆ ಫೋನು ಬಂದ ಕಾಲದಲ್ಲಿ ಅದರ ಡಯಲ್ಲಿಗೊಂದು ಪುಟ್ಟ ಬೀಗ ಇರುತ್ತಿತ್ತು. ಕೀಲಿ ಮಾವನವರ ಉಡಿದಾರದಲ್ಲೋ ಗಂಡನ ಜೇಬಿನಲ್ಲೋ. ಬಂದ ಕರೆಯನ್ನು ಸೊಸೆ ಎತ್ತಬಹುದು, ತವರಿಗೆ ಫೋನು ಮಾಡಬೇಕಾದರೆ ಕೇಳಬೇಕು. ಕೆಲವು ಮನೆಗಳಲ್ಲಿ ಒಂದೇ ಲೈನಿಗೆ ಹಜಾರದಲ್ಲೊಂದು ಕೋಣೆಯಲ್ಲೊಂದು ಫೋನು. ಇಲ್ಲಿ ಎತ್ತಿದರೆ ಅಲ್ಲಿ ಕೇಳಿಸುತ್ತಿತ್ತು. ನಾವು "ಚೆನ್ನಾಗಿದ್ದೀನವ್ವ" ಎಂದು ಸುಳ್ಳು ಹೇಳಲು ಕಲಿತದ್ದು ಆ ಫೋನುಗಳಲ್ಲೇ. ಮೈದುನ ಮಾತ್ರ ರಿಸೀವರ್ ಇಡುವ ಗುಂಡಿಯನ್ನು ಲೆಕ್ಕಕ್ಕೆ ಸರಿಯಾಗಿ ಕುಟ್ಟಿ, ಬೀಗವಿದ್ದರೂ ನಂಬರು ಹಚ್ಚುತ್ತಿದ್ದ! ಅವನಿಗೆ ಯಂತ್ರದ ಒಳಗುಟ್ಟು ಗೊತ್ತಿತ್ತು. ನಮಗೆ ಅದನ್ನು ಒರೆಸಿ ಕಸೂತಿಯ ಬಟ್ಟೆ ಹೊದಿಸುವುದು ಗೊತ್ತಿತ್ತು.

ರೌಟರಿನ ವಿಷಯದಲ್ಲೂ ನಾನು ಮಾಡಿದ್ದು ಅದನ್ನೇ. ಎರಡು ವರ್ಷ ಅದರ ಧೂಳು ಒರೆಸಿದೆ. ಅದರ ಹಿಂದೆ ಎಷ್ಟು ತೂತುಗಳಿವೆ ಎಂದು ನೋಡಲಿಲ್ಲ. ಕೊನೆಗೆ ಕೇಬಲ್ಲಿನ ಹುಡುಗನನ್ನು ಕೂರಿಸಿಕೊಂಡು, ಕಾಫಿ ಕೊಟ್ಟು, "ತಮ್ಮ, ನನಗೆ ಅರ್ಥವಾಗುವ ಹಾಗೆ ಹೇಳು" ಎಂದೆ. ಅವನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಕಷ್ಟವೇನಿಲ್ಲ. ದೋಸೆಹಿಟ್ಟು ಹದ ಮಾಡುವುದು ಇದಕ್ಕಿಂತ ಕಷ್ಟ.

ರೌಟರಿನ ಹಿಂದೆ ಸಾಲಾಗಿ ತೂತುಗಳಿರುತ್ತವೆ. ಅವುಗಳಲ್ಲಿ ಒಂದರ ಬಣ್ಣ ಸಾಮಾನ್ಯವಾಗಿ ಬೇರೆ. ಅದು ನೀರು ಒಳಗೆ ಬರುವ ದಾರಿ. ಉಳಿದವು ಹೊರಗೆ ಹಂಚುವ ದಾರಿ. ಒಳಗಿನ ಪ್ರತಿಯೊಂದು ಕಂಪ್ಯೂಟರಿಗೂ ಫೋನಿಗೂ ರೌಟರು ಒಂದೊಂದು ಮನೆ ನಂಬರು ಕೊಡುತ್ತದೆ. ತನಗೂ ಒಂದು ನಂಬರು ಇಟ್ಟುಕೊಂಡಿರುತ್ತದೆ. ತೊಂದರೆ ಏನೆಂದರೆ, ಅಂಗಡಿಯಿಂದ ತಂದ ಅನೇಕ ರೌಟರುಗಳು ತಮಗೆ ತಾವೇ ಒಂದೇ ನಂಬರು ಇಟ್ಟುಕೊಂಡು ಬರುತ್ತವೆ, 192.168.1.1 ಎಂದೋ 192.168.0.1 ಎಂದೋ. ಎರಡನ್ನೂ ಹಾಗೇ ಜೋಡಿಸಿದರೆ ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆ, ಪೋಸ್ಟಿನವನು ತಬ್ಬಿಬ್ಬು. ನಮ್ಮಲ್ಲಿ ಮೊದಲ ವಾರ ನೆಟ್ ಬಂದೂ ಬಾರದ ಹಾಗೆ ಆಡಿದ್ದು ಅದಕ್ಕೇ.

ಇದನ್ನು ಸರಿಮಾಡಲು ಎರಡು ದಾರಿ. ಒಂದು, ಕೆಳಗಿನ ರೌಟರಿನ ನಂಬರು ಬದಲಿಸಿ, ಅದು ನಂಬರು ಹಂಚುವುದನ್ನೇ ನಿಲ್ಲಿಸಿ, ಮೇಲಿನದರ ತೂತಿನಿಂದ ಬಂದ ಕೇಬಲನ್ನು ಕೆಳಗಿನದರ ಹಂಚುವ ತೂತಿಗೇ ಹಾಕುವುದು. ಆಗ ಎರಡು ಕಚೇರಿಯೂ ಒಂದೇ ಮನೆಯಾಗುತ್ತದೆ. ಒಂದೇ ಅಡುಗೆಮನೆ, ಒಂದೇ ಬಚ್ಚಲು. ಎರಡನೆಯದು, ಕೇಬಲನ್ನು ಬೇರೆ ಬಣ್ಣದ ತೂತಿಗೆ ಹಾಕಿ, ಕೆಳಗಿನವರು ತಮ್ಮದೇ ನಂಬರುಗಳ ಬೇರೆ ಸಂಸಾರ ಹೂಡುವುದು. ಆಗ ಮೇಲಿನವರು ಕೆಳಗಿನ ಕಂಪ್ಯೂಟರುಗಳನ್ನು ಸುಲಭವಾಗಿ ಮುಟ್ಟಲಾರರು. ಕೆಳಗಿನವರಿಗೆ ಮೇಲಿನವರದು ಸಿಕ್ಕರೂ ಸಿಗಬಹುದು, ಅದೊಂದು ತಮಾಷೆ! ಆದರೆ ಕೆಳಗಿನವರ ಟಪಾಲೆಲ್ಲ ಮೇಲಿನವರ ಹೊಸ್ತಿಲು ದಾಟಿಯೇ ಹೋಗಬೇಕು. ಈಗಿನ ಹೆಚ್ಚಿನ ಟಪಾಲು ಲಕೋಟೆಯಲ್ಲಿ ಅಂಟಿಸಿಯೇ ಹೋಗುವುದರಿಂದ ಒಳಗಿನ ಬರಹ ಕಾಣದು. ಲಕೋಟೆಯ ಮೇಲಿನ ವಿಳಾಸ, ಎಂದರೆ ಯಾವ ತಾಣಕ್ಕೆ ಹೋದಿರಿ ಎಂಬುದು, ನೋಡಬೇಕೆಂದು ಹಠ ಹಿಡಿದವರಿಗೆ ಬಹಳ ಸಲ ಕಾಣುತ್ತದೆ.

ನಮಗೆ ಹೇಳದೆ ಕೇಳದೆ ಮಾಡಿದ್ದು ಮೊದಲ ದಾರಿ. ಒಂದು ದಿನ ನಮ್ಮ ಪ್ರಿಂಟರಿನಿಂದ ತಾನಾಗಿ ಕಾಗದ ಬರತೊಡಗಿತು. ನೋಡಿದರೆ ಮೇಲಿನವರ ಸಭೆಯ ನಡಾವಳಿ, ನಾಲ್ಕು ಪುಟ! ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಒಬ್ಬಳು ಕೇಳಿದಳು, "ಅವರದು ನಮಗೆ ಬಂತು. ನಮ್ಮದು?" ಅದಾದ ವಾರದಲ್ಲೇ ಯಜಮಾನರು ಮೆಟ್ಟಿಲಲ್ಲಿ ಸಿಕ್ಕಿ, "ಮಧ್ಯಾಹ್ನ ನಿಮ್ಮಲ್ಲಿ ಯಾರೋ ವಿಡಿಯೋ ಜೋರಾಗಿ ನೋಡ್ತಿದ್ರು ಅನಿಸುತ್ತೆ" ಎಂದರು. ಯಾವ ಫೋನು ಎಷ್ಟು ಬಳಸಿತು ಎಂದು ಅವರ ರೌಟರಿನ ಪುಟದಲ್ಲಿ ಪಟ್ಟಿ ಬರುತ್ತಿತ್ತು. ನೋಡಿದ್ದು ಹೌದು. ಹುರಿಹಿಟ್ಟಿನ ಪೊಟ್ಟಣಕ್ಕೆ ಗಾಳಿಯಾಡದ ಹಾಗೆ ಅಂಟು ಹಾಕುವುದು ಹೇಗೆಂದು ಕಲಿಯುತ್ತಿದ್ದೆವು. ಆದರೆ ಸಿನಿಮಾ ಹಾಡನ್ನೇ ನೋಡಿದ್ದರೂ ಅವರಿಗೇನು?

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ನಮ್ಮ ಸದಸ್ಯೆಯೊಬ್ಬಳು ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಂಪ್ಯೂಟರಿನ ಮುಂದೆ ಕೂತಳು. ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡೇ ಇದ್ದಳು. ಯಾಕೆಂದು ನನಗೆ ಗೊತ್ತಿತ್ತು, ಕೇಳಲಿಲ್ಲ. ಅವಳು ಹುಡುಕುತ್ತಿದ್ದದ್ದು 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ತನಗೇನು ದಾರಿಯಿದೆ, ಹೆಣ್ಣುಮಕ್ಕಳ ಸಹಾಯವಾಣಿ 181ಕ್ಕೆ ಮಾಡಿದರೆ ಏನಾಗುತ್ತದೆ ಎಂಬುದನ್ನು. ಅರ್ಧ ಓದಿದವಳು ತಟ್ಟನೆ ಕೈ ತೆಗೆದು, "ಅಕ್ಕಾ, ನಾನು ಇದ್ರಲ್ಲಿ ನೋಡಿದ್ದು ಮ್ಯಾಲಿನೋರ್ಗೆ ಕಾಣ್ಸುತ್ತಾ? ನಮ್ಮನೆಯವ್ರಿಗೆ ಅವ್ರು ಗುರ್ತು" ಎಂದಳು.

ನನಗೆ ಆಗ ಉತ್ತರ ಗೊತ್ತಿರಲಿಲ್ಲ. "ಇಲ್ಲ" ಎನ್ನುವ ಧೈರ್ಯವೂ ಇಲ್ಲ, "ಹೌದು" ಎನ್ನುವ ಧೈರ್ಯವೂ ಇಲ್ಲ. ಅವಳು ಎದ್ದು ಹೋದಳು. ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ. ಮೇಲಿನವರು ನಿಜವಾಗಿ ನೋಡುತ್ತಿದ್ದರೋ ಇಲ್ಲವೋ, ನೋಡಬಹುದು ಎಂಬ ಅನುಮಾನವೇ ಅವಳನ್ನು ಎಬ್ಬಿಸಿತು. ಅವಳಿಗೆ ಆ ಹೊತ್ತು ಹೇಳಬಹುದಾಗಿದ್ದ ಒಂದು ಮಾತನ್ನು ನಾನು ಹೇಳಲಾಗದೆ ಹೋದದ್ದಕ್ಕೆ ಕಾರಣ ನನ್ನ ಅಜ್ಞಾನ, ಮತ್ತು ಅಜ್ಞಾನವನ್ನೇ ಮರ್ಯಾದೆ ಎಂದುಕೊಂಡ ನನ್ನ ಎರಡು ವರ್ಷ.

"ಅವಳ ಫೋನಿನಲ್ಲೇ ನೋಡಬಹುದಿತ್ತಲ್ಲ" ಎನ್ನುತ್ತೀರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಇದೆ ಎಂದ ಹೆಂಗಸರು ನೂರಕ್ಕೆ 54 ಮಾತ್ರ. ಇಂಟರ್ನೆಟ್ ಒಮ್ಮೆಯಾದರೂ ಬಳಸಿದ್ದೇವೆ ಎಂದವರು ಹೆಂಗಸರಲ್ಲಿ ನೂರಕ್ಕೆ 33, ಗಂಡಸರಲ್ಲಿ 57. ಆಮೇಲೆ ಈ ಅಂಕಿಗಳು ಏರಿರಬಹುದು. ಏರಿದವರೊಳಗೂ ಎಷ್ಟು ಜನರ ಫೋನನ್ನು ರಾತ್ರಿ ಗಂಡ, ಮಗ ತೆರೆದು ನೋಡುತ್ತಾರೆ ಎಂಬುದನ್ನು ಯಾವ ಸಮೀಕ್ಷೆಯವರೂ ನಮ್ಮ ಓಣಿಗೆ ಬಂದು ಕೇಳಿಲ್ಲ. ಅಂಥವಳಿಗೆ ಸಂಘದ ಆ ಒಂದು ಕುರ್ಚಿಯೇ ತವರುಮನೆಯ ಜಗಲಿ. ಅಲ್ಲೂ ಯಾರೋ ಇಣುಕಬಹುದು ಎಂದಾದರೆ ಅವಳು ಎಲ್ಲಿಗೆ ಹೋಗಬೇಕು?

ಇದು ಅತಿಯಾಯಿತು, ಒಂದು ಡಬ್ಬಿಯ ಸ್ವಿಚ್ಚಿಗೆ ಇಷ್ಟು ರಂಪವೇ ಎನ್ನುವವರಿಗೆ ಪಕ್ಕದ ಕೇರಳದ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಅವಳ ಹೆಸರು ಫಹೀಮಾ ಶಿರಿನ್, ಬಿ.ಎ. ವಿದ್ಯಾರ್ಥಿನಿ. ಅವಳಿದ್ದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ಹತ್ತರವರೆಗೆ ಮೊಬೈಲ್ ಬಳಸಬಾರದೆಂದು ನಿಯಮ ಮಾಡಿದರು. ಓದುವ ಹೊತ್ತಿನಲ್ಲೇ ಓದುವ ಸಾಧನ ಕಿತ್ತುಕೊಂಡರೆ ಹೇಗೆ ಎಂದು ಅವಳು ಒಪ್ಪಲಿಲ್ಲ, ಹಾಸ್ಟೆಲಿನಿಂದ ಹೊರಹಾಕಿಸಿಕೊಂಡಳು, ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟು, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಸಂವಿಧಾನದ 21ನೇ ವಿಧಿಯ ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ, ಅವಳನ್ನು ಹಾಸ್ಟೆಲಿಗೆ ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಅಲ್ಲಿಯೂ ಬಂದದ್ದು ಸಂಜೆಯ ಹೊತ್ತಿನ ಪ್ರಶ್ನೆಯೇ. ಸಂಜೆಯಾದ ಮೇಲೆ ಹೆಣ್ಣಿಗೆ ಹೊರಜಗತ್ತಿನಲ್ಲಿ ಏನು ಕೆಲಸ ಎಂಬ ಹಳೇ ಮಾತು ಈಗ ಸ್ವಿಚ್ಚಿನ ರೂಪದಲ್ಲಿ ಬಂದಿದೆ, ಅಷ್ಟೇ.

ನನ್ನ ಗೆಳತಿಯರು, "ಅಷ್ಟು ಕಷ್ಟವಾದರೆ ಬೇರೆ ಸಂಪರ್ಕ ತೆಗೆದುಕೊಳ್ಳಬಾರದೇ?" ಎಂದರು. ತೆಗೆದುಕೊಳ್ಳಬಹುದು. ಆದರೆ ಕೇಳಿ. ಈಗಿನ ಒಂದು ಫೈಬರ್ ಸಂಪರ್ಕ ನಮ್ಮಂಥ ಎರಡು ಪುಟ್ಟ ಕಚೇರಿಗಳಿಗೆ ಧಾರಾಳ. ಬೇರೆ ಬೇರೆ ಸಂಸ್ಥೆಗಳು ಹಂಚಿಕೊಳ್ಳಲು ಕಂಪನಿಯ ಕರಾರು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು, ಅದು ನಿಜ. ನಾವು ಕೇಳಿಕೊಂಡೆವು. ಹಂಚಿಕೊಂಡು ಬಳಸುವುದೇ ತಪ್ಪೆಂದು ಸರ್ಕಾರವೂ ಹೇಳುವುದಿಲ್ಲ. 2020ರ ಡಿಸೆಂಬರಿನಲ್ಲಿ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಟೀ ಅಂಗಡಿ, ದಿನಸಿ ಅಂಗಡಿಗಳೂ ಲೈಸೆನ್ಸಿಲ್ಲದೆ ಜನರಿಗೆ ವೈ-ಫೈ ಕೊಡಬಹುದು. ಜಗಳವಾದಾಗಲೆಲ್ಲ ಹೆಂಗಸರು ಬೇರೆ ಒಲೆ ಹೂಡಬೇಕು, ಖರ್ಚು ತಾವೇ ಹೊರಬೇಕು ಎಂಬ ನ್ಯಾಯ ನನಗೆ ಒಪ್ಪಿಗೆಯಿಲ್ಲ. ಅರ್ಧ ಬಿಲ್ಲು ಕೊಟ್ಟವರು ಯಾಕೆ ಮನೆ ಬಿಟ್ಟು ಹೋಗಬೇಕು?

"ಸಂಪರ್ಕ ನಮ್ಮ ಹೆಸರಿನಲ್ಲಿದೆ, ಏನಾದರೂ ದುರುಪಯೋಗವಾದರೆ ಪೊಲೀಸರು ನಮ್ಮ ಬಾಗಿಲಿಗೆ ಬರುತ್ತಾರೆ" ಎಂಬುದು ಯಜಮಾನರ ಇನ್ನೊಂದು ಮಾತು. ಇದರಲ್ಲಿ ಹುರುಳಿದೆ. ವಿಚಾರಣೆ ಹೆಸರಿರುವವರಿಂದಲೇ ಶುರುವಾಗುತ್ತದೆ. ಆದ್ದರಿಂದಲೇ ನಾನು ಹೇಳಿದ್ದು, ಹೊಣೆಯನ್ನೂ ಕಾಗದದ ಮೇಲೆ ಹಂಚಿಕೊಳ್ಳೋಣ ಎಂದು. ಭಯ ಅವರದು ನಿಜವಾದರೆ ಕರಾರು ಬರೆಯಲು ಏನಡ್ಡಿ? ಕರಾರು ಬೇಡ, ನಿಗಾ ಬೇಕು ಎನ್ನುವವರ ಭಯ ಪೊಲೀಸರದ್ದಲ್ಲ.

ಮೂರು ಸಲ ಮೆಟ್ಟಿಲು ಹತ್ತಿಳಿದ ಮೇಲೆ ಆದದ್ದು ಇದು. ಫೈಬರ್ ಬಂದು ಸೇರುವ ಡಬ್ಬಿಯನ್ನು ಮೇಲಿನ ಕಚೇರಿಯಿಂದ ತೆಗೆಸಿ, ಮೆಟ್ಟಿಲ ನಡುವಿನ ಗೋಡೆಗೆ ಹಾಕಿಸಿದೆವು. ಅದಕ್ಕೊಂದು ಮರದ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಬೀಗಕ್ಕೆ ಎರಡು ಕೀಲಿ. ಮೆಟ್ಟಿಲ ದೀಪದ ಕರೆಂಟಿನಿಂದಲೇ ಅದಕ್ಕೆ ಕರೆಂಟು; ಅದರ ಖರ್ಚೂ ಅರ್ಧರ್ಧ. ಆ ಡಬ್ಬಿಯಿಂದ ಒಂದು ಕೇಬಲ್ ಮೇಲಕ್ಕೆ, ಒಂದು ಕೇಬಲ್ ಕೆಳಕ್ಕೆ. ಎರಡೂ ಅವರವರ ರೌಟರಿನ ಬೇರೆ ಬಣ್ಣದ ತೂತಿಗೆ. ಈಗ ಅವರದು ಬೇರೆ ಸಂಸಾರ, ನಮ್ಮದು ಬೇರೆ ಸಂಸಾರ, ನಡುವೆ ಒಂದು ತೂಬು. ಒಬ್ಬರ ಟಪಾಲು ಇನ್ನೊಬ್ಬರ ಹೊಸ್ತಿಲು ದಾಟುವುದಿಲ್ಲ. ನಡುವಿನ ಡಬ್ಬಿಯ ಪಾಸ್‌ವರ್ಡನ್ನು ಎರಡು ಕಚೇರಿಯವರ ಸಹಿಯ ಲಕೋಟೆಯಲ್ಲಿ ಅಂಟಿಸಿ ಇಟ್ಟಿದ್ದೇವೆ, ಒಬ್ಬರೇ ತೆರೆಯುವಂತಿಲ್ಲ. ಬಿಲ್ಲು ಯಾರು ಯಾವ ತಾರೀಖಿಗೆ ಕಟ್ಟಬೇಕು, ಕೆಟ್ಟರೆ ಯಾರು ಫೋನು ಮಾಡಬೇಕು, ಎಲ್ಲ ಒಂದು ಹಾಳೆಯಲ್ಲಿದೆ. ಇದಕ್ಕೆಲ್ಲ ಹಿಡಿದದ್ದು ಒಂದು ಏಣಿ, ಒಂದಷ್ಟು ಕೇಬಲ್ಲು, ಅರ್ಧ ದಿನ. ಇಂಥ ಕೇಬಲ್ಲು ನೂರು ಮೀಟರಿನ ಒಳಗೆ ಇರಬೇಕಂತೆ; ನಮ್ಮ ಎರಡು ಕಚೇರಿಗಳ ನಡುವೆ ಇದ್ದದ್ದು ಹದಿನೆಂಟು ಮೆಟ್ಟಿಲು. ಅದನ್ನು ಹತ್ತಲು ನನಗೆ ಎರಡು ವರ್ಷ ಬೇಕಾಯಿತು.

ಇಲ್ಲಿಗೆ ಮುಗಿಸಿದರೆ ನಾನು ಗೆದ್ದ ಹಾಗೆ ಕಾಣುತ್ತದೆ. ಆದರೆ ನಡೆದದ್ದನ್ನೆಲ್ಲ ಹೇಳಬೇಕು. ಪೆಟ್ಟಿಗೆ ಹಾಕಿದ ತಿಂಗಳಲ್ಲೇ ಪಕ್ಕದ ಝೆರಾಕ್ಸ್ ಅಂಗಡಿಯ ಹುಡುಗಿ ಬಂದಳು. "ಅಕ್ಕಾ, ನಿಮ್ಮ ವೈ-ಫೈ ಗೋಡೆಯಾಚೆಗೂ ಬರುತ್ತೆ. ತಿಂಗಳಿಗೆ ಇಷ್ಟು ಅಂತ ಕೊಡ್ತೀನಿ, ಪಾಸ್‌ವರ್ಡ್ ಕೊಡ್ತೀರಾ?" ನನ್ನ ಬಾಯಿಂದ ತಕ್ಷಣ ಬಂದದ್ದೇನು ಗೊತ್ತೇ? "ನೋಡಮ್ಮ, ನಾಳೆ ಏನಾದರೂ ಹೆಚ್ಚು ಕಡಿಮೆಯಾದರೆ ಜವಾಬ್ದಾರಿ ನಮ್ಮದಾಗುತ್ತೆ. ಬೇಕಾದಾಗ ಬಂದು ಇಲ್ಲೇ ನೋಡಿಕೋ, ಉಪಕಾರ ಅಂತ ತಿಳ್ಕೋಬೇಡ." ಹೇಳಿ ಮುಗಿಸುವಷ್ಟರಲ್ಲಿ ಮೇಲಿನ ಯಜಮಾನರ ದನಿ ನನ್ನ ಗಂಟಲಲ್ಲೇ ಕೇಳಿಸಿತು. ನನ್ನಪ್ಪನ ನೆನಪೂ ಆಯಿತು. ನಮ್ಮ ಸರದಿ ಬಂದಾಗ ಅಪ್ಪನೂ ತೂಬನ್ನು ಹೊತ್ತು ಮೀರಿ ಬಿಟ್ಟುಕೊಳ್ಳುತ್ತಿದ್ದ. ನಮಗಿಂತ ಕೆಳಗೊಬ್ಬಳು ವಿಧವೆಯ ಗದ್ದೆಯಿತ್ತು. ಅವಳು ಲಾಟೀನು ಹಿಡಿದು ಕಾಯುತ್ತಿದ್ದುದನ್ನೂ ನಾನು ನೋಡಿದ್ದೆ. ನೋಡಿದ್ದನ್ನು ಇಷ್ಟು ವರ್ಷ ಹೇಳಿರಲಿಲ್ಲ.

ಹುಡುಗಿಯನ್ನು ಕರೆದು ಕೂರಿಸಿದೆ. ಈಗ ಮೇಲಿನವರ ಒಪ್ಪಿಗೆಗೆ, ಕಂಪನಿಯ ಒಪ್ಪಿಗೆಗೆ ಅರ್ಜಿ ಬರೆದಿದ್ದೇವೆ. ಒಪ್ಪಿದರೆ ಆ ಪೆಟ್ಟಿಗೆಯಿಂದ ಮೂರನೆಯ ಕೇಬಲ್ಲು, ಬಿಲ್ಲಿಗೆ ಮೂರನೆಯ ಪಾಲು, ಬೀಗಕ್ಕೆ ಮೂರನೆಯ ಕೀಲಿ. ಒಪ್ಪದಿದ್ದರೆ ಅವಳಿಗೆ ಬೇರೆ ಸಂಪರ್ಕ ಹಾಕಿಸಲು ಸಂಘದಿಂದ ಸಾಲ. ಎರಡರಲ್ಲಿ ಯಾವುದಾದರೂ ಅವಳು ನಮ್ಮ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲಬೇಕಾಗಿಲ್ಲ.

ನೀವೂ ಯಾವುದಾದರೂ ಕಚೇರಿಯಲ್ಲಿ, ಶಾಲೆಯಲ್ಲಿ, ಸಂಘದಲ್ಲಿ ಕೂತು ಇದನ್ನು ಓದುತ್ತಿರಬಹುದು. ನಿಮ್ಮ ಗೋಡೆಯ ಮೇಲೂ ಒಂದು ಡಬ್ಬಿ ಮಿಣುಕುತ್ತಿರಬಹುದು. ನಾಳೆ ಅದರ ಧೂಳು ಒರೆಸುವಾಗ ಒಮ್ಮೆ ಹಿಂದೆ ತಿರುಗಿಸಿ ನೋಡಿ. ಕೇಬಲ್ ಎಲ್ಲಿಂದ ಬರುತ್ತದೆ, ಯಾವ ಬಣ್ಣದ ತೂತಿಗೆ ಸೇರಿದೆ, ಪಾಸ್‌ವರ್ಡ್ ಯಾರ ಬಳಿ ಇದೆ, ಸಂಜೆ ಅದನ್ನು ಆರಿಸುವವರು ಯಾರು ಎಂದು ಕೇಳಿ. ಯಾರಾದರೂ ನಗುತ್ತ, "ನಿಮಗ್ಯಾಕಮ್ಮ ಅದೆಲ್ಲ" ಎಂದರೆ, ಕೇಳಲೇಬೇಕಾದದ್ದು ಅದೇ ಎಂದು ತಿಳಿಯಿರಿ.

ಸೆರಗು ಎಳೆದುಕೊಂಡು ಎದ್ದು ಹೋದವಳು ಈಚೆಗೆ ಮತ್ತೆ ಬಂದಿದ್ದಳು. ಬಾಗಿಲಲ್ಲೇ ನಿಂತು, "ಅಕ್ಕಾ, ಈಗ ಕಾಣ್ಸುತ್ತಾ?" ಎಂದಳು. ಮೆಟ್ಟಿಲ ಪೆಟ್ಟಿಗೆಯ ಬಳಿ ಕರೆದುಕೊಂಡು ಹೋಗಿ, ಬೀಗ ತೆಗೆದು, ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆಂದು ತೋರಿಸಿದೆ. "ಮೇಲಿನವರಿಗೆ ಕಾಣಿಸೋದಿಲ್ಲ" ಎಂದೆ. ಅವಳು ಎರಡೂ ಕೇಬಲ್ಲುಗಳನ್ನು ಬೆರಳಿನಿಂದ ಹಿಡಿದು ನೋಡಿ, ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು. ಆಗ ಸಂಜೆ ಆರು ಗಂಟೆ.